ಅಲ್ಗಾಂಕ್ವಿನ್ ಉದ್ಯಾನದಲ್ಲಿ ಕನೂ ಪ್ರವಾಸ

ಅಲ್ಗಾಂಕ್ವಿನ್ ಉದ್ಯಾನದ ಕನೂ ಪ್ರವಾಸವು ಕೆನಡಾ ದೇಶದ ಒಂಟಾರಿಯೊ ಪ್ರಾಂತ್ಯದಲ್ಲಿರುವ ಅಲ್ಗಾಂಕ್ವಿನ್ ಪ್ರಾಂತೀಯ ಉದ್ಯಾನದ ಒಳಕಾಡಿನಲ್ಲಿ ಕೈಗೊಳ್ಳುವ ಒಂದು ಬಗೆಯ ಜಲಯಾನ ಮತ್ತು ಶಿಬಿರವಾಸವಾಗಿದೆ. ಪ್ರವಾಸಿಗರು ಕನೂ ಎಂಬ ಹಗುರವಾದ, ಎರಡೂ ತುದಿ ಚೂಪಾದ ದೋಣಿಯಲ್ಲಿ ಹುಟ್ಟು ಹಾಕುತ್ತ ಒಂದು ಸರೋವರದಿಂದ ಇನ್ನೊಂದಕ್ಕೆ ಸಾಗುತ್ತಾರೆ. ನೀರು ಮುಗಿದಲ್ಲಿ ದೋಣಿಯನ್ನು ಹೆಗಲ ಮೇಲೆ ಹೊತ್ತು ಕಾಡುದಾರಿಯಲ್ಲಿ ನಡೆಯುತ್ತಾರೆ. ರಾತ್ರಿಯನ್ನು ದಡದಲ್ಲಿ ಡೇರೆ ಹಾಕಿ ಕಳೆಯುತ್ತಾರೆ. ಸಾಮಾನ್ಯವಾಗಿ ಇಬ್ಬರು ಸ್ನೇಹಿತರು ಅಥವಾ ಒಂದು ಸಣ್ಣ ತಂಡ ಎರಡು ದಿನಗಳಿಂದ ಎರಡು ವಾರಗಳವರೆಗೆ ಇಂತಹ ಪ್ರವಾಸವನ್ನು ನಡೆಸುವುದು ರೂಢಿ.

ಮೂಸ್, ಕಪ್ಪು ಕರಡಿ, ತೋಳ, ಬೀವರ್ ಮತ್ತು ಲೂನ್ ಹಕ್ಕಿಗಳನ್ನು ಅವುಗಳ ನೆಲೆಯಲ್ಲಿಯೇ ಕಾಣುವ ಅವಕಾಶ ಈ ಪ್ರವಾಸದ ಮುಖ್ಯ ಆಕರ್ಷಣೆಯಾಗಿದೆ. ಆದರೆ ಮನುಷ್ಯರ ಆಹಾರದ ರುಚಿ ಹತ್ತಿದ ಕಾಡುಪ್ರಾಣಿ ಮತ್ತೆ ಮತ್ತೆ ಶಿಬಿರಗಳಿಗೆ ಬರತೊಡಗುತ್ತದೆ ಮತ್ತು ಕೊನೆಗೆ ಅದನ್ನು ಕೊಲ್ಲಬೇಕಾದ ಪರಿಸ್ಥಿತಿ ಒದಗಬಹುದು. ಆದುದರಿಂದ ಆಹಾರವನ್ನು ಕಾಪಾಡುವ, ದೂರ ಕಾಯ್ದುಕೊಳ್ಳುವ ಮತ್ತು ಕಸವನ್ನು ಮರಳಿ ತರುವ ನಿಯಮಗಳು ಪ್ರವಾಸಿಗರ ಸುರಕ್ಷತೆಗೆ ಎಷ್ಟು ಮುಖ್ಯವೋ ಪ್ರಾಣಿಗಳ ಉಳಿವಿಗೂ ಅಷ್ಟೇ ಮುಖ್ಯವಾಗಿವೆ.

ಭೌಗೋಳಿಕ ಹಿನ್ನೆಲೆ

ಉದ್ಯಾನವು ಒಂಟಾರಿಯೊದ ದಕ್ಷಿಣ ಭಾಗದಲ್ಲಿ, ಜಾರ್ಜಿಯನ್ ಕೊಲ್ಲಿ ಮತ್ತು ಒಟ್ಟಾವಾ ನದಿಯ ನಡುವೆ ಹಬ್ಬಿದೆ. ಇದರ ವಿಸ್ತೀರ್ಣ ಸುಮಾರು 7,600 ಚದರ ಕಿಲೋಮೀಟರ್. ಇಲ್ಲಿ 2,400ಕ್ಕೂ ಹೆಚ್ಚು ಸರೋವರಗಳಿದ್ದು, ತೊರೆ ಹಾಗೂ ನದಿಗಳ ಒಟ್ಟು ಉದ್ದ ಸುಮಾರು 1,200 ಕಿ.ಮೀ. ಆಗುತ್ತದೆ. ಈ ಪ್ರದೇಶವು ಕೆನಡಿಯನ್ ಶೀಲ್ಡ್ ಎಂಬ ಅತ್ಯಂತ ಪುರಾತನವಾದ ಶಿಲಾಪೀಠದ ಮೇಲಿದೆ. ಹಿಮಯುಗದ ಹಿಮನದಿಗಳು ಈ ಬಂಡೆಯನ್ನು ಕೊರೆದು ಸರಿದಾಗ ಉಂಟಾದ ತಗ್ಗುಗಳಲ್ಲಿ ನೀರು ನಿಂತು ಸರೋವರಗಳಾದವು. ಸರೋವರಗಳು ಒಂದಕ್ಕೊಂದು ಬಹಳ ಹತ್ತಿರದಲ್ಲಿರುವುದರಿಂದಲೇ ಇಲ್ಲಿ ದೋಣಿಯೇ ಸಹಜ ವಾಹನವಾಯಿತು.

ಮಡಾವಾಸ್ಕಾ, ಪೆಟಾವಾವಾ, ಬಾನ್‌ಶೇರ್, ಮಸ್ಕೋಕಾ ಮೊದಲಾದ ನದಿಗಳು ಈ ಎತ್ತರದ ಪ್ರದೇಶದಲ್ಲಿ ಹುಟ್ಟುತ್ತವೆ. ಪಶ್ಚಿಮದ ಎತ್ತರದ ಭಾಗದಲ್ಲಿ ಮೇಪಲ್ ಮುಂತಾದ ಎಲೆಯುದುರುವ ಮರಗಳೂ ಪೂರ್ವದ ಮರಳು ನೆಲದಲ್ಲಿ ಪೈನ್ ಮರಗಳೂ ಹೆಚ್ಚಾಗಿವೆ. ದಕ್ಷಿಣದ ಕಾಡು ಮತ್ತು ಉತ್ತರದ ಕಾಡು ಸಂಧಿಸುವ ಈ ನೆಲೆಯಲ್ಲಿ ಎರಡೂ ವಲಯಗಳ ಪ್ರಾಣಿಪಕ್ಷಿಗಳು ಒಟ್ಟಿಗೆ ಕಾಣಸಿಗುತ್ತವೆ.

ಉದ್ಯಾನದ ದಕ್ಷಿಣ ಭಾಗವನ್ನು 60ನೆಯ ಸಂಖ್ಯೆಯ ಹೆದ್ದಾರಿ ಸುಮಾರು 56 ಕಿ.ಮೀ. ಉದ್ದಕ್ಕೆ ಹಾದುಹೋಗುತ್ತದೆ. ಬಹುಪಾಲು ಸಂದರ್ಶಕರು ಈ ಹೆದ್ದಾರಿಯ ಆಸುಪಾಸಿನಲ್ಲಿಯೇ ಉಳಿಯುತ್ತಾರೆ. ಅದರಾಚೆಗೆ ಹಬ್ಬಿರುವ ಒಳಕಾಡಿಗೆ ಕನೂ ಮೂಲಕ ಅಥವಾ ಕಾಲ್ನಡಿಗೆಯಲ್ಲಿ ಮಾತ್ರ ಹೋಗಬಹುದು. ಕನೂ ಲೇಕ್, ರಾಕ್ ಲೇಕ್, ಒಪಿಯಾಂಗೊ ಮೊದಲಾದ ಪ್ರವೇಶಸ್ಥಾನಗಳಿಂದ ಪ್ರವಾಸ ಆರಂಭವಾಗುತ್ತದೆ. ಗುರುತು ಮಾಡಿದ ಜಲಮಾರ್ಗಗಳ ಒಟ್ಟು ಉದ್ದ ಸುಮಾರು 2,000 ಕಿ.ಮೀ. ಇದೆ.

ಇತಿಹಾಸ

ಮೂಲನಿವಾಸಿಗಳು ಮತ್ತು ತೊಗಟೆಯ ದೋಣಿ

ಉದ್ಯಾನಕ್ಕೆ ಹೆಸರು ಬಂದಿರುವುದು ಅನಿಶಿನಾಬೆ ಸಮುದಾಯಕ್ಕೆ ಸೇರಿದ ಅಲ್ಗಾಂಕ್ವಿನ್ ಜನರಿಂದ. ಅವರು ಬಹುಕಾಲದಿಂದ ಇಲ್ಲಿ ಬೇಟೆ, ಮೀನುಗಾರಿಕೆ ಮತ್ತು ಹಣ್ಣುಹಂಪಲುಗಳ ಸಂಗ್ರಹಣೆಯಿಂದ ಜೀವನ ನಡೆಸಿದ್ದರು. ಅವರ ಕನೂ ಬರ್ಚ್ ಮರದ ತೊಗಟೆಯಿಂದ ನಿರ್ಮಿತವಾಗಿತ್ತು. ಸೀಡರ್ ಮರದ ಸೀಳುಗಳಿಂದ ಒಳಗಿನ ಪಕ್ಕೆಲುಬುಗಳನ್ನು ಮಾಡಿ, ತೊಗಟೆಯ ಹಾಳೆಗಳನ್ನು ಸ್ಪ್ರೂಸ್ ಮರದ ಬೇರಿನಿಂದ ಹೊಲಿದು, ಹೊಲಿಗೆಯ ಸಂದುಗಳಿಗೆ ಮರದ ರಾಳವನ್ನು ಮೆತ್ತುತ್ತಿದ್ದರು. ದೋಣಿಗೆ ಬೇಕಾದ ಎಲ್ಲವೂ ಕಾಡಿನಲ್ಲಿಯೇ ದೊರೆಯುತ್ತಿತ್ತು. ತೊಗಟೆ ಹರಿದರೆ ದಡಕ್ಕೆ ಎಳೆದು ಅಲ್ಲಿಯೇ ದುರಸ್ತಿ ಮಾಡಬಹುದಾಗಿತ್ತು. ಕರ್ನಾಟಕದ ನದಿಗಳಲ್ಲಿ ಬಳಕೆಯಲ್ಲಿರುವ ದುಂಡನೆಯ ಹರಿಗೋಲು ಹೊಳೆಯನ್ನು ಅಡ್ಡ ದಾಟಲು ಹೇಳಿಮಾಡಿಸಿದ್ದು. ಉದ್ದನೆಯ ಕನೂ ನೀರನ್ನು ಸೀಳಿಕೊಂಡು ದೂರ ಸಾಗಲು ರೂಪುಗೊಂಡ ದೋಣಿ. ಫ್ರೆಂಚ್ ಮತ್ತು ಬ್ರಿಟಿಷ್ ತುಪ್ಪಳ ವ್ಯಾಪಾರಿಗಳು ಈ ದೋಣಿಯನ್ನೂ ಅದನ್ನು ಹೊತ್ತು ನಡೆಯುವ ದಾರಿಗಳನ್ನೂ ಮೂಲನಿವಾಸಿಗಳಿಂದಲೇ ಪಡೆದರು.

ಮರದ ವ್ಯಾಪಾರ ಮತ್ತು ಉದ್ಯಾನದ ಸ್ಥಾಪನೆ

19ನೆಯ ಶತಮಾನದಲ್ಲಿ ಮರದ ವ್ಯಾಪಾರಿಗಳು ಎತ್ತರದ ಬಿಳಿ ಪೈನ್ ಮರಗಳನ್ನು ಅರಸಿ ಇಲ್ಲಿಗೆ ಬಂದರು. ಚಳಿಗಾಲದಲ್ಲಿ ಕಡಿದ ದಿಮ್ಮಿಗಳನ್ನು ವಸಂತದ ನೆರೆನೀರಿನಲ್ಲಿ ತೇಲಿಸಿ ಒಟ್ಟಾವಾ ನದಿಗೆ ಸಾಗಿಸುತ್ತಿದ್ದರು. ನದಿಮೂಲಗಳನ್ನು ಮತ್ತು ವನ್ಯಜೀವಿಗಳನ್ನು ಉಳಿಸಲು ಹಾಗೂ ಕಾಡು ಹೊಲಗಳಾಗದಂತೆ ತಡೆಯಲು ಸರಕಾರಿ ಅಧಿಕಾರಿ ಅಲೆಕ್ಸಾಂಡರ್ ಕರ್ಕ್‌ವುಡ್ 1880ರ ದಶಕದಲ್ಲಿ ಒಂದು ಮೀಸಲು ಅರಣ್ಯದ ಯೋಜನೆಯನ್ನು ಮುಂದಿಟ್ಟನು. 1893ರಲ್ಲಿ ಉದ್ಯಾನ ಸ್ಥಾಪನೆಯಾಯಿತು. ಮರ ಕಡಿಯುವುದು ಮಾತ್ರ ನಿಲ್ಲಲಿಲ್ಲ. ಆ ಜನರ ಹೆಸರನ್ನು ಉದ್ಯಾನಕ್ಕೆ ಇಡಲಾಯಿತಾದರೂ ಅದರೊಳಗೆ ಅವರ ಬೇಟೆಯ ಹಕ್ಕು ಮೊಟಕಾಯಿತು.

1890ರ ದಶಕದ ಕೊನೆಗೆ ಉದ್ಯಾನದ ಮೂಲಕ ರೈಲುಮಾರ್ಗ ಹಾದು, ನಗರವಾಸಿಗಳು ಬಿಡುವಿನ ದಿನಗಳನ್ನು ಕಳೆಯಲು ಬರತೊಡಗಿದರು. ಹೋಟೆಲುಗಳು, ಮಕ್ಕಳ ಬೇಸಿಗೆ ಶಿಬಿರಗಳು ಮತ್ತು ದಾರಿ ತೋರಿಸುವ ಮಾರ್ಗದರ್ಶಿಗಳ ವೃತ್ತಿ ಬೆಳೆದವು. 1930ರ ದಶಕದಲ್ಲಿ ಹೆದ್ದಾರಿ ತೆರೆದ ಮೇಲೆ ರೈಲಿನ ಮಹತ್ವ ಕುಗ್ಗಿತು.

ಟಾಮ್ ಥಾಮ್ಸನ್

ಚಿತ್ರಕಾರ ಟಾಮ್ ಥಾಮ್ಸನ್ (1877–1917) ಉದ್ಯಾನದ ಕನೂ ಪರಂಪರೆಯೊಂದಿಗೆ ಬೇರ್ಪಡಿಸಲಾಗದಂತೆ ಬೆಸೆದುಕೊಂಡ ಹೆಸರು. 1912ರಲ್ಲಿ ಮೊದಲ ಬಾರಿಗೆ ಇಲ್ಲಿಗೆ ಬಂದ ಆತ ಮುಂದೆ ಮಾರ್ಗದರ್ಶಿಯಾಗಿಯೂ ಕಾಡ್ಗಿಚ್ಚು ಕಾವಲುಗಾರನಾಗಿಯೂ ದುಡಿದನು. ಕನೂವಿನಲ್ಲಿ ಸುತ್ತಾಡುತ್ತ ಸಣ್ಣ ಹಲಗೆಗಳ ಮೇಲೆ ಎಣ್ಣೆಬಣ್ಣದಲ್ಲಿ ಕರಡುಚಿತ್ರಗಳನ್ನು ಬರೆದು, ಚಳಿಗಾಲದಲ್ಲಿ ಟೊರೊಂಟೊದಲ್ಲಿ ಅವುಗಳಲ್ಲಿ ಕೆಲವನ್ನು ದೊಡ್ಡ ಕ್ಯಾನ್ವಾಸಿಗೆ ಇಳಿಸುತ್ತಿದ್ದನು. ‘ದಿ ಜ್ಯಾಕ್ ಪೈನ್’ ಮತ್ತು ‘ದಿ ವೆಸ್ಟ್ ವಿಂಡ್’ ಆತನ ಪ್ರಸಿದ್ಧ ಕೃತಿಗಳು. 1917ರ ಜುಲೈ 8ರಂದು ಕನೂ ಲೇಕಿನಲ್ಲಿ ಒಬ್ಬನೇ ದೋಣಿಯಲ್ಲಿ ಹೊರಟ ಥಾಮ್ಸನ್ ಮರಳಿ ಬರಲಿಲ್ಲ. ಎಂಟು ದಿನಗಳ ಬಳಿಕ ಆತನ ಶವ ಅದೇ ಸರೋವರದಲ್ಲಿ ಸಿಕ್ಕಿತು. ಆಕಸ್ಮಿಕವಾಗಿ ಮುಳುಗಿದ ಸಾವು ಎಂದು ಅಧಿಕೃತವಾಗಿ ತೀರ್ಮಾನಿಸಲಾಯಿತು. ಆದರೆ ಆತ ಪಳಗಿದ ದೋಣಿಗಾರನಾಗಿದ್ದುದರಿಂದ ಆ ಸಾವಿನ ಬಗ್ಗೆ ಇಂದಿಗೂ ನಾನಾ ಊಹೆಗಳಿವೆ. 1920ರಲ್ಲಿ ‘ಗ್ರೂಪ್ ಆಫ್ ಸೆವೆನ್’ ಎಂಬ ಚಿತ್ರಕಾರರ ಬಳಗವನ್ನು ಕಟ್ಟಿದವರಲ್ಲಿ ಹಲವರು ಆತನ ಗೆಳೆಯರಾಗಿದ್ದರು.

ದೋಣಿ ಮತ್ತು ಇಬ್ಬರ ಪಾತ್ರ

ಪ್ರವಾಸಕ್ಕೆ ಹೆಚ್ಚಾಗಿ ಬಳಕೆಯಾಗುವುದು ಸುಮಾರು 16 ಅಡಿ ಉದ್ದದ, ಇಬ್ಬರು ಕೂರುವ ಕನೂ. ಮರದ ಚೌಕಟ್ಟಿಗೆ ಕ್ಯಾನ್ವಾಸ್ ಬಟ್ಟೆ ಹೊದಿಸಿದ ಹಳೆಯ ಮಾದರಿಯ ದೋಣಿ 30 ಕಿ.ಗ್ರಾಂ.ಗೂ ಹೆಚ್ಚು ತೂಗಬಹುದು. ಕೆವ್ಲಾರ್ ಎಂಬ ಕೃತಕ ನಾರಿನ ದೋಣಿ 20 ಕಿ.ಗ್ರಾಂ. ಆಸುಪಾಸಿನಲ್ಲಿರುತ್ತದೆ. ಹಗುರವಾದ ದೋಣಿ ಹೊರಲು ಸುಲಭ, ಆದರೆ ಬಂಡೆಗೆ ತಗುಲಿದರೆ ಬೇಗ ಹಾನಿಗೊಳಗಾಗುತ್ತದೆ.

ದೋಣಿಯಲ್ಲಿ ಇಬ್ಬರಿಗೂ ಪ್ರತ್ಯೇಕ ಹೊಣೆಗಳಿರುತ್ತವೆ. ಮುಂದೆ ಕೂತವರು ಹುಟ್ಟಿನ ಲಯವನ್ನು ನಿಗದಿಪಡಿಸುತ್ತಾರೆ. ನೀರಿನಡಿಯ ಬಂಡೆ ಅಥವಾ ಮುಳುಗಿದ ಮರವನ್ನು ಮೊದಲು ಕಂಡು ಎಚ್ಚರಿಸುವವರೂ ಅವರೇ. ಹಿಂದೆ ಕೂತವರು ದಿಕ್ಕನ್ನು ನೋಡಿಕೊಳ್ಳುತ್ತಾರೆ. ಒಂದೇ ಬದಿಯಲ್ಲಿ ಹುಟ್ಟು ಹಾಕಿದರೆ ದೋಣಿ ಎದುರು ಬದಿಗೆ ತಿರುಗುತ್ತದೆ. ಅದನ್ನು ಸರಿಪಡಿಸಲು ಹಿಂದಿನವರು ಪ್ರತಿ ಎಳೆತದ ಕೊನೆಯಲ್ಲಿ ಹುಟ್ಟನ್ನು ಸ್ವಲ್ಪ ಹೊರಕ್ಕೆ ತಳ್ಳುತ್ತಾರೆ. ಈ ಚಲನೆಯ ಜಾಡು ಇಂಗ್ಲಿಷಿನ ಜೆ ಅಕ್ಷರದಂತಿರುವುದರಿಂದ ಇದನ್ನು ‘ಜೆ ಸ್ಟ್ರೋಕ್’ ಎನ್ನುತ್ತಾರೆ. ಇಬ್ಬರೂ ಸಾಮಾನ್ಯವಾಗಿ ಎದುರುಬದುರು ಬದಿಗಳಲ್ಲಿ ಹುಟ್ಟು ಹಾಕುತ್ತಾರೆ. ಒಬ್ಬರು ಹೇಳದೆ ಕೇಳದೆ ಒಂದು ಬದಿಗೆ ವಾಲಿದರೆ ದೋಣಿ ಮಗುಚಬಹುದು.

ಅನುಭವಿಗಳು ಹೊರಡುವ ಮುನ್ನವೇ ದಿನಕ್ಕೆ ಎಷ್ಟು ದೂರ ಸಾಗಬೇಕು, ಗಾಳಿ ಎದ್ದರೆ ಎಲ್ಲಿ ನಿಲ್ಲಬೇಕು, ಯಾವ ಸ್ಥಿತಿಯಲ್ಲಿ ಹಿಂದಿರುಗಬೇಕು ಎಂಬುದನ್ನು ಜೊತೆಗಾರರೊಡನೆ ತೀರ್ಮಾನಿಸಿಕೊಳ್ಳುತ್ತಾರೆ. ಇಬ್ಬರಲ್ಲಿ ಯಾರಿಗೆ ಅನುಭವ ಮತ್ತು ಶಕ್ತಿ ಕಡಿಮೆಯೋ ಅವರಿಗೆ ಹೊಂದುವಂತೆ ದಾರಿಯನ್ನು ಆರಿಸಿಕೊಳ್ಳುವುದು ಒಳ್ಳೆಯ ಕ್ರಮ. ಒಳಕಾಡಿನ ಬಹುಭಾಗದಲ್ಲಿ ಮೊಬೈಲ್ ಸಂಪರ್ಕವಿಲ್ಲ. ಒಬ್ಬರ ಕಾಲು ಉಳುಕಿದರೂ ನೆರವು ತರುವ ಹೊಣೆ ಇನ್ನೊಬ್ಬರ ಮೇಲೆ ಬೀಳುತ್ತದೆ. ಆದುದರಿಂದ ಪ್ರವಾಸದ ದಾರಿ ಮತ್ತು ಮರಳುವ ದಿನವನ್ನು ಮನೆಯಲ್ಲಿ ಯಾರಿಗಾದರೂ ಬರೆದುಕೊಟ್ಟು ಹೋಗಬೇಕು.

ಪೋರ್ಟೇಜ್

ಎರಡು ಸರೋವರಗಳ ನಡುವೆ ಅಥವಾ ಜಲಪಾತ, ರಭಸದ ಹರಿವುಗಳ ಪಕ್ಕದಲ್ಲಿ ದೋಣಿಯನ್ನು ಹೊತ್ತು ನಡೆಯುವ ಕಾಲುದಾರಿಗೆ ಪೋರ್ಟೇಜ್ ಎಂದು ಹೆಸರು. ಇದು ಹೊರುವುದು ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದಿದೆ. ದಾರಿಯ ಎರಡೂ ತುದಿಗಳಲ್ಲಿ ಹಳದಿ ಫಲಕವಿದ್ದು, ಅದರಲ್ಲಿ ದೂರವನ್ನು ಮೀಟರುಗಳಲ್ಲಿ ಬರೆದಿರುತ್ತಾರೆ. ಕೆಲವು ಪೋರ್ಟೇಜುಗಳು ನೂರು ಮೀಟರಿಗೂ ಕಡಿಮೆ. ಡಿಕ್ಸನ್ ಮತ್ತು ಬಾನ್‌ಫೀಲ್ಡ್ ಸರೋವರಗಳ ನಡುವಿನ ದಾರಿ 5 ಕಿ.ಮೀ.ಗೂ ಹೆಚ್ಚು ಉದ್ದವಾಗಿದ್ದು, ಉದ್ಯಾನದ ಅತ್ಯಂತ ಕಠಿಣ ಹೊರೆದಾರಿಗಳಲ್ಲಿ ಒಂದೆಂದು ಹೆಸರಾಗಿದೆ.

ದೋಣಿಯ ನಡುವೆ ಅಡ್ಡಲಾಗಿ ಒಂದು ಮರದ ನೊಗ ಇರುತ್ತದೆ. ದೋಣಿಯನ್ನು ತಲೆಕೆಳಗಾಗಿ ಎತ್ತಿ ಆ ನೊಗವನ್ನು ಎರಡೂ ಹೆಗಲುಗಳ ಮೇಲೆ ಕೂರಿಸಿಕೊಂಡು ಒಬ್ಬರೇ ನಡೆಯುತ್ತಾರೆ. ಹೊತ್ತವರಿಗೆ ಮುಂದಿನ ಕೆಲವು ಅಡಿಗಳ ದಾರಿ ಮಾತ್ರ ಕಾಣುತ್ತದೆ. ಇನ್ನೊಬ್ಬರು ಸಾಮಾನಿನ ಚೀಲಗಳನ್ನು ಹೊತ್ತು, ಹಲವು ವೇಳೆ ಮುಂದೆ ನಡೆದು, ಜಾರುವ ಬಂಡೆ ಅಥವಾ ಬಿದ್ದ ಮರದ ಬಗ್ಗೆ ಎಚ್ಚರಿಸುತ್ತಾರೆ. ಎಲ್ಲ ಹೊರೆಯನ್ನೂ ಒಂದೇ ಸಲಕ್ಕೆ ಸಾಗಿಸಲಾಗದಿದ್ದರೆ ಮರಳಿ ಬಂದು ಮತ್ತೆ ಹೊರಬೇಕಾಗುತ್ತದೆ. ಆಗ 1 ಕಿ.ಮೀ. ಪೋರ್ಟೇಜಿಗೆ 3 ಕಿ.ಮೀ. ನಡೆದಂತಾಗುತ್ತದೆ. ಸಾಮಾನು ಕಟ್ಟುವಾಗ ಅನಗತ್ಯವಾದುದನ್ನು ಬಿಟ್ಟು ಬರಬೇಕೆಂದು ಹೇಳುವುದು ಈ ಕಾರಣದಿಂದಲೇ.

ಶಿಬಿರ

ಒಳಕಾಡಿನಲ್ಲಿ ಕಂಡಕಂಡಲ್ಲಿ ಬಿಡಾರ ಹೂಡುವಂತಿಲ್ಲ. ಗುರುತಿನ ಫಲಕ ಇರುವ ಶಿಬಿರಸ್ಥಾನಗಳಲ್ಲಿ ಮಾತ್ರ ಡೇರೆ ಹಾಕಬೇಕು. ಪ್ರತಿ ಸ್ಥಾನದಲ್ಲಿ ಕಲ್ಲು ಜೋಡಿಸಿದ ಒಲೆ, ಡೇರೆಗೆ ಸಮತಟ್ಟಾದ ನೆಲ ಮತ್ತು ಸ್ವಲ್ಪ ದೂರದಲ್ಲಿ ಗುಂಡಿಯ ಮೇಲಿಟ್ಟ, ಮುಚ್ಚಳವಿರುವ ಮರದ ಪೆಟ್ಟಿಗೆಯ ಬಯಲು ಶೌಚಾಲಯ ಇರುತ್ತವೆ. ಡೇರೆ ಹಾಕುವ ಮುನ್ನ ತಲೆಯೆತ್ತಿ ಒಣಗಿದ ಮರ ಅಥವಾ ಮುರಿದು ನೇತಾಡುವ ಕೊಂಬೆ ಇದೆಯೇ ಎಂದು ನೋಡಬೇಕು. ಗಾಳಿಗೆ ಇಂತಹ ಮರಗಳು ಉರುಳುವುದುಂಟು.

ಸೌದೆಗೆ ನೆಲಕ್ಕೆ ಬಿದ್ದ ಒಣಮರವನ್ನಷ್ಟೇ ಬಳಸಬೇಕು. ಬರ್ಚ್ ಮರದ ತೊಗಟೆ ಬೇಗ ಹೊತ್ತಿಕೊಳ್ಳುತ್ತದೆಯಾದರೂ ನಿಂತ ಮರದಿಂದ ಅದನ್ನು ಸುಲಿಯಬಾರದು. ಮಲಗುವ ಮುನ್ನ ಬೆಂಕಿಗೆ ನೀರು ಸುರಿದು, ಬೂದಿಯನ್ನು ಕಲಕಿ, ಕೈಗೆ ತಣ್ಣಗೆ ತಗಲುವವರೆಗೆ ಆರಿಸಬೇಕು. ಸರೋವರದ ನೀರು ತಿಳಿಯಾಗಿ ಕಂಡರೂ ಅದನ್ನು ಕುದಿಸಿ ಅಥವಾ ಸೋಸಿ ಕುಡಿಯಬೇಕು. ಗಿಯಾರ್ಡಿಯಾ ಎಂಬ ಪರೋಪಜೀವಿಯಿಂದ ತೀವ್ರ ಭೇದಿ ಉಂಟಾಗಬಹುದು. ಬೀವರ್‌ಗಳ ಮಲದಿಂದಲೂ ಇದು ನೀರಿಗೆ ಸೇರುವುದರಿಂದ ಈ ಕಾಯಿಲೆಗೆ ಆಡುಮಾತಿನಲ್ಲಿ ‘ಬೀವರ್ ಜ್ವರ’ ಎಂಬ ಹೆಸರಿದೆ. ಪಾತ್ರೆಗಳನ್ನು ಸರೋವರದಲ್ಲಿ ತೊಳೆಯದೆ, ಬಳಸಿದ ನೀರನ್ನು ದಡದಿಂದ ದೂರ ನೆಲಕ್ಕೆ ಚೆಲ್ಲಬೇಕು.

ವನ್ಯಜೀವಿಗಳು

ಲೂನ್

ಲೂನ್ ಮೀನು ತಿಂದು ಬದುಕುವ ಮುಳುಗುಹಕ್ಕಿ. ಕಪ್ಪು ಬಿಳುಪು ಚುಕ್ಕೆಗಳ ಮೈ ಮತ್ತು ಕೆಂಪು ಕಣ್ಣುಗಳಿಂದ ಇದನ್ನು ಗುರುತಿಸಬಹುದು. ಕೆನಡಾದ ಒಂದು ಡಾಲರ್ ನಾಣ್ಯದಲ್ಲಿ 1987ರಿಂದ ಈ ಹಕ್ಕಿಯ ಚಿತ್ರವಿದೆ. ರಾತ್ರಿಯ ಮೌನದಲ್ಲಿ ಒಂದು ಸರೋವರದಿಂದ ಇನ್ನೊಂದಕ್ಕೆ ಕೇಳಿಸುವ ಇದರ ಕೂಗು ನೀಳವಾದ ರೋದನದಂತಿರುತ್ತದೆ. ಗಾಬರಿಗೊಂಡಾಗ ನಗುವಿನಂತೆ ಕಂಪಿಸುವ ಬೇರೊಂದು ಕೂಗನ್ನು ಹೊರಡಿಸುತ್ತದೆ. ಲೂನ್ ನೆಲದ ಮೇಲೆ ಸರಿಯಾಗಿ ನಡೆಯಲಾರದು. ಆದುದರಿಂದ ನೀರಿನಂಚಿನಲ್ಲಿಯೇ ಗೂಡು ಕಟ್ಟುತ್ತದೆ. ದೋಣಿ ತೀರ ಹತ್ತಿರ ಬಂದರೆ ಗೂಡು ಬಿಟ್ಟಿಳಿಯುತ್ತದೆ. ಆಗ ಮೊಟ್ಟೆಗಳು ತಣ್ಣಗಾಗಬಹುದು ಅಥವಾ ಇತರ ಪ್ರಾಣಿಗಳ ಪಾಲಾಗಬಹುದು. ಮರಿಗಳನ್ನು ಬೆನ್ನ ಮೇಲೆ ಹೊತ್ತು ಈಜುವ ಲೂನ್ ಕಂಡಾಗ ಹುಟ್ಟು ಹಾಕುವುದನ್ನು ನಿಲ್ಲಿಸಿ ದೂರದಿಂದ ನೋಡುವುದು ಸೂಕ್ತ.

ಬೀವರ್

ಬೀವರ್ ಮರಗಳನ್ನು ಹಲ್ಲಿನಿಂದ ಕಡಿದು ತೊರೆಗಳಿಗೆ ಅಣೆಕಟ್ಟು ಕಟ್ಟುವ ದಂಶಕ ಪ್ರಾಣಿ. ತುಪ್ಪಳ ವ್ಯಾಪಾರದಿಂದ ಅನೇಕ ಕಡೆ ವಿನಾಶದ ಅಂಚಿಗೆ ಬಂದಿದ್ದ ಇದು ಸಂರಕ್ಷಣೆಯಿಂದ ಚೇತರಿಸಿಕೊಂಡಿದೆ. ಇದರ ಅಣೆಕಟ್ಟುಗಳು ಸಣ್ಣ ತೊರೆಗಳಲ್ಲಿ ನೀರನ್ನು ತಡೆದು ದೋಣಿ ಸಾಗುವಷ್ಟು ಆಳವನ್ನು ಕೊಡುತ್ತವೆ. ಪ್ರವಾಸಿಗರು ದೋಣಿಯನ್ನು ಅಣೆಕಟ್ಟಿನ ಮೇಲೆ ಎತ್ತಿ ದಾಟಿಸಬೇಕಾಗುತ್ತದೆ. ಸಂಜೆಯ ಹೊತ್ತು ಅಪಾಯದ ಸುಳಿವು ಸಿಕ್ಕರೆ ಬೀವರ್ ತನ್ನ ಚಪ್ಪಟೆ ಬಾಲವನ್ನು ನೀರಿಗೆ ಜೋರಾಗಿ ಬಡಿದು ಮುಳುಗುತ್ತದೆ. ಈ ಸದ್ದು ಮೊದಲ ಬಾರಿ ಕೇಳಿದವರಿಗೆ ದೊಡ್ಡ ಕಲ್ಲೊಂದು ನೀರಿಗೆ ಬಿದ್ದಂತೆ ಅನಿಸುತ್ತದೆ.

ಮೂಸ್

ಮೂಸ್ ಜಿಂಕೆಯ ಕುಟುಂಬದಲ್ಲಿಯೇ ಅತ್ಯಂತ ದೊಡ್ಡ ಪ್ರಾಣಿ. ಕಡವೆಗಿಂತ ಬಹಳ ಎತ್ತರವಾಗಿದ್ದು, ಬೆಳೆದ ಗಂಡು ಸುಮಾರು 500 ಕಿ.ಗ್ರಾಂ. ತೂಗಬಲ್ಲದು. ಚಳಿಗಾಲದುದ್ದಕ್ಕೂ ರೆಂಬೆಗಳನ್ನು ತಿಂದು ಬದುಕುವ ಮೂಸ್‌ಗೆ ಸೋಡಿಯಂ ಕೊರತೆ ಉಂಟಾಗುತ್ತದೆ. ವಸಂತದಲ್ಲಿ ರಸ್ತೆಬದಿಯ ಉಪ್ಪುನೀರಿಗಾಗಿಯೂ ಜೂನ್ ತಿಂಗಳಿನಿಂದ ಸೋಡಿಯಂ ಹೆಚ್ಚಿರುವ ನೀರುಗಿಡಗಳಿಗಾಗಿಯೂ ಅದು ಬಯಲಿಗೆ ಬರುತ್ತದೆ. ತಲೆಯನ್ನು ಪೂರ್ತಿ ನೀರಿನಲ್ಲಿ ಮುಳುಗಿಸಿ ಗಿಡಗಳನ್ನು ಕಿತ್ತು ಮೇಲೇಳುವ ಮೂಸ್ ಕನೂ ಪ್ರವಾಸಿಗರಿಗೆ ಸಾಮಾನ್ಯವಾಗಿ ಕಾಣಸಿಗುವ ದೃಶ್ಯ.

ಮೂಸ್ ಸೌಮ್ಯವಾಗಿ ಕಂಡರೂ ಮರಿಯೊಂದಿಗಿರುವ ತಾಯಿ ಮತ್ತು ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ತಿಂಗಳ ಬೆದೆಗಾಲದ ಗಂಡು ಅಪಾಯಕಾರಿ. ಕಿವಿಗಳನ್ನು ಹಿಂದಕ್ಕೆ ಮಡಚುವುದು ಮತ್ತು ಕತ್ತಿನ ಮೇಲಿನ ಕೂದಲನ್ನು ನಿಮಿರಿಸುವುದು ಅದರ ಸಿಟ್ಟಿನ ಸೂಚನೆಗಳು. ಆಗ ಹಿಂದೆ ಸರಿಯಬೇಕು. ಮೈಮೇಲೆ ಬಂದರೆ ದಪ್ಪ ಮರದ ಹಿಂದೆ ಮರೆಯಾಗಬೇಕು. ಈಜುತ್ತಿರುವ ಮೂಸ್ ಅನ್ನು ದೋಣಿಯಲ್ಲಿ ಹಿಂಬಾಲಿಸುವುದು ಅದನ್ನು ಬಳಲಿಸುತ್ತದೆ, ಆದುದರಿಂದ ಹಾಗೆ ಮಾಡಬಾರದು.

ಕಪ್ಪು ಕರಡಿ

ಅಮೆರಿಕದ ಕಪ್ಪು ಕರಡಿ ಕರ್ನಾಟಕದ ಕಾಡುಗಳಲ್ಲಿರುವ ಕರಡಿಗಿಂತ ಬೇರೆಯೇ ಪ್ರಭೇದ. ಗೆದ್ದಲನ್ನು ಅವಲಂಬಿಸದೆ ಎಳೆಯ ಚಿಗುರು, ಹಣ್ಣು, ಬೀಜ, ಇರುವೆ, ಸತ್ತ ಪ್ರಾಣಿ ಹೀಗೆ ಸಿಕ್ಕಿದ್ದೆಲ್ಲವನ್ನೂ ತಿನ್ನುತ್ತದೆ ಮತ್ತು ಚಳಿಗಾಲವನ್ನು ಗುಹೆ, ಪೊಟರೆಗಳಲ್ಲಿ ನಿದ್ರೆಯಲ್ಲಿ ಕಳೆಯುತ್ತದೆ. ಮನುಷ್ಯರನ್ನು ಕಂಡರೆ ಬಹುತೇಕ ಸಂದರ್ಭಗಳಲ್ಲಿ ತಾನೇ ದೂರ ಸರಿಯುತ್ತದೆ. ಅದರ ಘ್ರಾಣಶಕ್ತಿ ಬಹಳ ತೀಕ್ಷ್ಣ. ಕಾಡಿನಲ್ಲಿ ಹಣ್ಣಿನ ಇಳುವರಿ ಕಡಿಮೆಯಾದ ವರ್ಷಗಳಲ್ಲಿ ಶಿಬಿರಗಳತ್ತ ಬರುವ ಸಂಭವ ಹೆಚ್ಚು.

ಎದುರಾದಾಗ ಓಡಬಾರದು, ಮರ ಹತ್ತಬಾರದು. ಕಪ್ಪು ಕರಡಿ ಮನುಷ್ಯನಿಗಿಂತ ವೇಗವಾಗಿ ಓಡಬಲ್ಲದು, ಚೆನ್ನಾಗಿ ಮರ ಹತ್ತಬಲ್ಲದು. ಅದಕ್ಕೆ ಹೋಗಲು ದಾರಿ ಬಿಟ್ಟು, ಗಟ್ಟಿಯಾಗಿ ಮಾತನಾಡುತ್ತ, ಬೆನ್ನು ತೋರಿಸದೆ ನಿಧಾನವಾಗಿ ಹಿಂದೆ ಸರಿಯಬೇಕು. ಇಬ್ಬರಿದ್ದರೆ ಒಟ್ಟಿಗೆ ನಿಂತು ದೊಡ್ಡದಾಗಿ ಕಾಣುವಂತೆ ತೋಳುಗಳನ್ನೆತ್ತಬೇಕು. ಕಪ್ಪು ಕರಡಿ ನಿಜವಾಗಿ ಮೇಲೆರಗಿದರೆ ಸತ್ತಂತೆ ಮಲಗದೆ ಹುಟ್ಟು, ಕಲ್ಲು, ಕೈಗೆ ಸಿಕ್ಕಿದ್ದರಿಂದ ಎದುರಿಸಬೇಕೆಂಬುದು ತಜ್ಞರ ಸಲಹೆ. ಇಂತಹ ದಾಳಿ ತೀರ ಅಪರೂಪ. ಆದರೆ ಉದ್ಯಾನದಲ್ಲಿ 1978ರಲ್ಲಿ ಮೂವರು ಹುಡುಗರು ಮತ್ತು 1991ರ ಅಕ್ಟೋಬರಿನಲ್ಲಿ ಒಪಿಯಾಂಗೊ ಸರೋವರದ ಒಂದು ದ್ವೀಪದಲ್ಲಿ ಶಿಬಿರ ಹೂಡಿದ್ದ ಇಬ್ಬರು ಕಪ್ಪು ಕರಡಿಗೆ ಬಲಿಯಾಗಿದ್ದಾರೆ.

ತೋಳ

ಉದ್ಯಾನವು ಪೂರ್ವದ ತೋಳಗಳ ಮುಖ್ಯ ನೆಲೆಯಾಗಿದೆ. ಇವು ಉತ್ತರದ ಬೂದು ತೋಳಗಳಿಗಿಂತ ಚಿಕ್ಕವು. 1950ರ ದಶಕದ ಕೊನೆಯವರೆಗೂ ಉದ್ಯಾನದ ಸಿಬ್ಬಂದಿಯೇ ತೋಳಗಳನ್ನು ಹಿಡಿದು ಕೊಲ್ಲುತ್ತಿದ್ದರು. ಅನಂತರ ವಿಜ್ಞಾನಿ ಡಗ್ಲಸ್ ಪಿಮ್ಲಾಟ್ ನಡೆಸಿದ ಅಧ್ಯಯನಗಳು ತೋಳದ ಬಗೆಗಿನ ದೃಷ್ಟಿಯನ್ನು ಬದಲಿಸಿದವು. ಸಂಶೋಧಕರು ತೋಳದಂತೆ ಕೂಗಿ, ಬರುವ ಉತ್ತರದಿಂದ ಹಿಂಡುಗಳನ್ನು ಪತ್ತೆ ಮಾಡುತ್ತಿದ್ದರು. ಇದೇ ವಿಧಾನವನ್ನು ಬಳಸಿ 1963ರಲ್ಲಿ ಸಾರ್ವಜನಿಕರಿಗಾಗಿ ತೋಳದ ಕೂಗು ಕೇಳಿಸುವ ಕಾರ್ಯಕ್ರಮ ಆರಂಭವಾಯಿತು. ಆಗಸ್ಟ್ ತಿಂಗಳಲ್ಲಿ ನಡೆಯುವ ಈ ಕಾರ್ಯಕ್ರಮಕ್ಕೆ ನೂರಾರು ಜನ ಸೇರುತ್ತಾರೆ.

ಉದ್ಯಾನದ ಗಡಿ ದಾಟಿದ ತೋಳಗಳು ಬೇಟೆಗೆ ಬಲಿಯಾಗುತ್ತಿದ್ದುದರಿಂದ ಸುತ್ತಲಿನ ಪ್ರದೇಶದಲ್ಲಿಯೂ ಬೇಟೆಯನ್ನು 2001ರಲ್ಲಿ ತಾತ್ಕಾಲಿಕವಾಗಿ, 2004ರಲ್ಲಿ ಶಾಶ್ವತವಾಗಿ ನಿಷೇಧಿಸಲಾಯಿತು. ಒಳಕಾಡಿನಲ್ಲಿ ತೋಳದ ಕೂಗು ಕೇಳುವುದುಂಟು, ಕಣ್ಣಿಗೆ ಬೀಳುವುದು ಕಡಿಮೆ. 1990ರ ದಶಕದಲ್ಲಿ ಮನುಷ್ಯರ ಭಯ ಕಳೆದುಕೊಂಡ ಕೆಲವು ತೋಳಗಳು ಶಿಬಿರಗಳಿಂದ ವಸ್ತುಗಳನ್ನು ಕದ್ದು, ಕೆಲವರನ್ನು ಕಚ್ಚಿದ ಪ್ರಸಂಗಗಳು ನಡೆದವು. ಅಂತಹ ತೋಳಗಳನ್ನು ಕೊಲ್ಲಬೇಕಾಯಿತು. ಭಯವಿಲ್ಲದೆ ಹತ್ತಿರ ಬರುವ ತೋಳವನ್ನು ಕೂಗಿ, ಸದ್ದು ಮಾಡಿ ಓಡಿಸಬೇಕೇ ಹೊರತು ಆಹಾರ ಹಾಕಿ ಚಿತ್ರ ತೆಗೆಯಬಾರದು.

ಇತರ ಜೀವಿಗಳು

ನೀರುನಾಯಿ, ರಕೂನ್, ಚಿಪ್‌ಮಂಕ್ ಅಳಿಲು ಮತ್ತು ದೊಡ್ಡ ಗಾತ್ರದ ಸ್ನ್ಯಾಪಿಂಗ್ ಆಮೆ ಸಾಮಾನ್ಯವಾಗಿ ಕಾಣುತ್ತವೆ. ಉದ್ಯಾನದೊಳಗೆ 1944ರಲ್ಲಿ ಸ್ಥಾಪನೆಯಾದ ವನ್ಯಜೀವಿ ಸಂಶೋಧನಾ ಕೇಂದ್ರವು ಆಮೆಗಳನ್ನು 1972ರಿಂದ ಅಧ್ಯಯನ ಮಾಡುತ್ತ ಬಂದಿದೆ. ಶಿಬಿರದ ಬಳಿ ಧೈರ್ಯವಾಗಿ ಸುಳಿಯುವ ಕೆನಡಾ ಜೇ ಹಕ್ಕಿ ಚಳಿಗಾಲಕ್ಕಾಗಿ ಆಹಾರವನ್ನು ಮರಗಳ ಸಂದುಗಳಲ್ಲಿ ಬಚ್ಚಿಡುತ್ತದೆ. ಶರತ್ಕಾಲ ಬೆಚ್ಚಗಾಗುತ್ತಿರುವುದರಿಂದ ಆ ಸಂಗ್ರಹ ಕೊಳೆತು ಹಕ್ಕಿಗಳ ಸಂತಾನ ಕುಗ್ಗುತ್ತಿದೆ ಎಂದು ಇಲ್ಲಿನ ದೀರ್ಘಕಾಲದ ಸಂಶೋಧನೆ ಸೂಚಿಸಿದೆ.

ಆಹಾರ ರಕ್ಷಣೆ

ಶಿಬಿರಕ್ಕೆ ಕರಡಿಯನ್ನು ಕರೆತರುವುದು ವಾಸನೆ. ಅನ್ನಾಹಾರ ಮಾತ್ರವಲ್ಲದೆ ಟೂತ್‌ಪೇಸ್ಟ್, ಸಾಬೂನು, ಎಣ್ಣೆ ಮೆತ್ತಿದ ಪಾತ್ರೆ ಮತ್ತು ಕಸದ ಚೀಲವೂ ಅದಕ್ಕೆ ಆಹಾರದಂತೆಯೇ ಕಾಣುತ್ತವೆ. ಇವುಗಳಲ್ಲಿ ಯಾವುದನ್ನೂ ಡೇರೆಯೊಳಗೆ ಇಡಬಾರದು. ಅಡುಗೆಯ ಜಾಗವೂ ಡೇರೆಯಿಂದ ದೂರವಿರಬೇಕು.

ರಾತ್ರಿ ಆಹಾರದ ಚೀಲವನ್ನು ಹಗ್ಗದಿಂದ ಮರಕ್ಕೆ ತೂಗುಹಾಕುವುದು ರೂಢಿಯ ಕ್ರಮ. ಅದು ನೆಲದಿಂದ ಸುಮಾರು 4 ಮೀಟರ್ ಎತ್ತರದಲ್ಲಿಯೂ ಮರದ ಕಾಂಡದಿಂದ ಕನಿಷ್ಠ 2 ಮೀಟರ್ ದೂರದಲ್ಲಿಯೂ ಇರಬೇಕು. ತಕ್ಕ ಕೊಂಬೆಯನ್ನು ಬೆಳಕಿರುವಾಗಲೇ ಹುಡುಕಿಕೊಳ್ಳಬೇಕು, ಏಕೆಂದರೆ ಕತ್ತಲಾದ ಮೇಲೆ ದಣಿದವರು ಈ ಕೆಲಸವನ್ನು ಅರೆಬರೆ ಮಾಡುವ ಸಂಭವವಿದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಪೀಪಾಯಿಗಳು ವಾಸನೆಯನ್ನು ತಗ್ಗಿಸಿದರೂ ಅವು ಕರಡಿಯನ್ನು ತಡೆಯುವ ಪೆಟ್ಟಿಗೆಗಳಲ್ಲ, ಅವುಗಳನ್ನೂ ತೂಗುಹಾಕಬೇಕು. ಒಮ್ಮೆ ಸುಲಭವಾಗಿ ಆಹಾರ ಸಿಕ್ಕ ಶಿಬಿರಸ್ಥಾನವನ್ನು ಕರಡಿ ನೆನಪಿಟ್ಟುಕೊಳ್ಳುತ್ತದೆ. ಒಂದು ತಂಡದ ಅಜಾಗರೂಕತೆಯ ಫಲವನ್ನು ಅನಂತರ ಬರುವ ತಂಡಗಳು ಮತ್ತು ಆ ಕರಡಿ ಅನುಭವಿಸುತ್ತವೆ. ತೊಂದರೆ ಕೊಡುವ ಕರಡಿ ಕಂಡ ಶಿಬಿರಸ್ಥಾನಗಳನ್ನು ಉದ್ಯಾನದ ಸಿಬ್ಬಂದಿ ಮುಚ್ಚುವುದುಂಟು. ಹಿಡಿದು ದೂರ ಬಿಟ್ಟ ಕರಡಿ ಅನೇಕ ವೇಳೆ ಮರಳಿ ಬರುತ್ತದೆ.

ಅಪಾಯಗಳು ಮತ್ತು ಸುರಕ್ಷತೆ

ಕನೂ ಪ್ರವಾಸದಲ್ಲಿ ವನ್ಯಪ್ರಾಣಿಗಳಿಗಿಂತ ಹೆಚ್ಚಿನ ಅಪಾಯ ನೀರಿನದು. ಸರೋವರಗಳ ಮಂಜುಗಡ್ಡೆ ಏಪ್ರಿಲ್ ಕೊನೆ ಅಥವಾ ಮೇ ಆರಂಭದಲ್ಲಿ ಕರಗುತ್ತದೆ. ಅನಂತರದ ವಾರಗಳಲ್ಲಿ ಗಾಳಿ ಬೆಚ್ಚಗಿದ್ದರೂ ನೀರು ಕೊರೆಯುತ್ತಿರುತ್ತದೆ. ತಣ್ಣೀರಿಗೆ ಬಿದ್ದವರ ಬಗ್ಗೆ ಕೆನಡಾದಲ್ಲಿ ‘1-10-1’ ಎಂಬ ಸೂತ್ರವನ್ನು ಕಲಿಸುತ್ತಾರೆ. ಉಸಿರಾಟವನ್ನು ಹತೋಟಿಗೆ ತರಲು 1 ನಿಮಿಷ, ಕೈಕಾಲು ಉಪಯೋಗಕ್ಕೆ ಬರುವಂತಿರುವುದು ಸುಮಾರು 10 ನಿಮಿಷ, ಪ್ರಜ್ಞೆ ತಪ್ಪುವ ಮುನ್ನ ಸುಮಾರು 1 ಗಂಟೆ ಎಂದು ಇದರ ಅರ್ಥ. ಲೈಫ್ ಜಾಕೆಟ್ ತೊಟ್ಟಿದ್ದರೆ ಮಾತ್ರ ಈ ಕಾಲಾವಕಾಶ ದೊರೆಯುತ್ತದೆ. ದೋಣಿ ಮಗುಚಿದರೆ ಅದನ್ನು ಬಿಟ್ಟು ಈಜದೆ ಹಿಡಿದುಕೊಂಡೇ ಇರಬೇಕು.

ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್, ಸೀಟಿ, ನೀರು ಮೊಗೆಯುವ ಪಾತ್ರೆ ಮತ್ತು ತೇಲುವ 15 ಮೀಟರ್ ಹಗ್ಗ ದೋಣಿಯಲ್ಲಿರಬೇಕಾದ ವಸ್ತುಗಳು. ಉದ್ಯಾನದ ಅತಿ ದೊಡ್ಡ ಸರೋವರವಾದ ಒಪಿಯಾಂಗೊದಂತಹ ಕಡೆ ಮಧ್ಯಾಹ್ನದ ಗಾಳಿಗೆ ದೊಡ್ಡ ಅಲೆಗಳು ಏಳುತ್ತವೆ. ಆದುದರಿಂದ ಬೆಳಗಿನ ಜಾವ ಹೊರಟು, ದಡಕ್ಕೆ ಹತ್ತಿರವಾಗಿ ಸಾಗುವುದು ಸೂಕ್ತ. ಗುಡುಗು ಕೇಳಿದ ಕೂಡಲೆ ದಡ ಸೇರಬೇಕು. ಗಾಳಿ ನಿಲ್ಲದಿದ್ದರೆ ಒಂದು ದಿನ ಶಿಬಿರದಲ್ಲಿಯೇ ಉಳಿಯಲು ಸಾಧ್ಯವಾಗುವಂತೆ ಹೆಚ್ಚುವರಿ ಆಹಾರವನ್ನು ಒಯ್ಯುತ್ತಾರೆ.

ಋತುಮಾನ

ಮೇ ಮಧ್ಯದಿಂದ ಜೂನ್ ಕೊನೆಯವರೆಗೆ ರಕ್ತ ಹೀರುವ ಕಪ್ಪು ನೊಣಗಳು ಮತ್ತು ಜೂನ್, ಜುಲೈ ತಿಂಗಳುಗಳಲ್ಲಿ ಸೊಳ್ಳೆಗಳು ವಿಪರೀತವಾಗಿರುತ್ತವೆ. ಮೂಸ್ ಕಾಣಸಿಗುವ ಉತ್ತಮ ಕಾಲವೂ ಇದೇ ಆಗಿದೆ. ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ನೀರು ಬೆಚ್ಚಗಿದ್ದು ಪ್ರವಾಸಿಗರ ದಟ್ಟಣೆ ಹೆಚ್ಚು. ಸೆಪ್ಟೆಂಬರಿನಲ್ಲಿ ಕೀಟಗಳ ಕಾಟ ತಗ್ಗುತ್ತದೆ ಮತ್ತು ತಿಂಗಳ ಕೊನೆಗೆ ಮೇಪಲ್ ಎಲೆಗಳು ಕೆಂಪಾಗುತ್ತವೆ. ಅಕ್ಟೋಬರಿನಲ್ಲಿ ಹಗಲು ಕಿರಿದಾಗಿ, ರಾತ್ರಿ ಹಿಮ ಬೀಳಬಹುದು.

ನಿಯಮಗಳು

ಒಳಕಾಡಿನಲ್ಲಿ ತಂಗಲು ಮುಂಗಡ ಕಾಯ್ದಿರಿಸಿ ಅನುಮತಿಪತ್ರ ಪಡೆಯಬೇಕು. ಪ್ರತಿ ರಾತ್ರಿ ಯಾವ ಸರೋವರದಲ್ಲಿ ತಂಗುವುದೆಂದು ಮೊದಲೇ ತಿಳಿಸಬೇಕಾಗುತ್ತದೆ. ಒಂದು ಶಿಬಿರಸ್ಥಾನದಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನ ಇರುವಂತಿಲ್ಲ. ತಿಂದ ಬಳಿಕ ಎಸೆಯುವ ಡಬ್ಬಿ ಮತ್ತು ಬಾಟಲಿಗಳಲ್ಲಿ ಆಹಾರ, ಪಾನೀಯಗಳನ್ನು ಒಯ್ಯುವುದಕ್ಕೆ ನಿಷೇಧವಿದೆ. ಮೋಟಾರು ದೋಣಿಗಳಿಗೆ ಕೆಲವೇ ಸರೋವರಗಳಲ್ಲಿ ಅವಕಾಶವಿದೆ. ಬೆಂಕಿಯ ಅಪಾಯ ಹೆಚ್ಚಿದ ದಿನಗಳಲ್ಲಿ ಸೌದೆಯ ಒಲೆಯನ್ನು ನಿಷೇಧಿಸಿದಾಗ ಅನಿಲದ ಸ್ಟೌವ್ ಬಳಸಬೇಕು.

ಚರ್ಚೆಗಳು

ಉದ್ಯಾನದ ದೊಡ್ಡ ಭಾಗದಲ್ಲಿ ಇಂದಿಗೂ ಮರ ಕಡಿಯಲಾಗುತ್ತದೆ. ಒಂಟಾರಿಯೊದ ಪ್ರಾಂತೀಯ ಉದ್ಯಾನಗಳಲ್ಲಿ ವಾಣಿಜ್ಯ ಉದ್ದೇಶದ ಕಡಿತಕ್ಕೆ ಅವಕಾಶವಿರುವುದು ಇಲ್ಲಿ ಮಾತ್ರ. ಜಲಮಾರ್ಗಗಳ ಅಂಚಿನಲ್ಲಿ ಮರಗಳನ್ನು ಉಳಿಸುವುದರಿಂದ ಪ್ರವಾಸಿಗರಿಗೆ ಇದು ಕಾಣುವುದಿಲ್ಲ. ಕಡಿತಕ್ಕಾಗಿ ನಿರ್ಮಿಸಿದ ರಸ್ತೆಗಳು ವನ್ಯಜೀವಿಗಳ ನೆಲೆಯನ್ನು ತುಂಡರಿಸುತ್ತವೆ ಎಂದು ಪರಿಸರವಾದಿಗಳು ಆಕ್ಷೇಪಿಸುತ್ತಾರೆ. ಸುತ್ತಲಿನ ಊರುಗಳ ಜೀವನೋಪಾಯ ಈ ಉದ್ಯಮವನ್ನು ಅವಲಂಬಿಸಿದೆ ಎಂಬುದು ಇನ್ನೊಂದು ಪಕ್ಷದ ವಾದ.

ಅಲ್ಗಾಂಕ್ವಿನ್ ಜನರು ಉದ್ಯಾನವನ್ನೂ ಒಳಗೊಂಡ ತಮ್ಮ ಪಾರಂಪರಿಕ ನೆಲವನ್ನು ಎಂದೂ ಒಪ್ಪಂದದ ಮೂಲಕ ಬಿಟ್ಟುಕೊಟ್ಟಿಲ್ಲವೆಂದು ಪ್ರತಿಪಾದಿಸುತ್ತ ಬಂದಿದ್ದಾರೆ. ಈ ಕುರಿತು ಕೆನಡಾ ಮತ್ತು ಒಂಟಾರಿಯೊ ಸರಕಾರಗಳೊಂದಿಗೆ 2016ರಲ್ಲಿ ತಾತ್ತ್ವಿಕ ಒಪ್ಪಂದವೊಂದಕ್ಕೆ ಸಹಿ ಹಾಕಲಾಯಿತು. ಇಂದಿನ ಪ್ರವಾಸಿಗರು ಬಳಸುವ ಅನೇಕ ಹೊರೆದಾರಿಗಳು ಆ ಜನರ ಪೂರ್ವಿಕರು ದೋಣಿ ಹೊತ್ತು ನಡೆದ ದಾರಿಗಳೇ ಆಗಿವೆ.